ಬ್ಯಾಕ್‌ಹಾಲ್ ಹಂಚಿಕೆ

ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇವೆ, ವಿಡಿಯೊ ಮಾತ್ರ ಸುತ್ತುತ್ತಲೇ ಇದೆ. ಫೋನಿನಿಂದ ಟವರಿನವರೆಗಿನ ದಾರಿ ಸಲೀಸಾಗಿದ್ದು, ಅಲ್ಲಿಂದ ಕಂಪನಿಯ ಮುಖ್ಯ ಜಾಲಕ್ಕೆ ಹೋಗುವ ದಾರಿ ಕಿರಿದಾಗಿದ್ದರೂ ಹೀಗಾಗುತ್ತದೆ. ಈ ಎರಡನೆಯ ದಾರಿಯೇ ಬ್ಯಾಕ್‌ಹಾಲ್. ಟವರಿಗೆ ಡೋಲಿನಂತೆ ಕಟ್ಟಿರುವ ಬಿಳಿ ಮೈಕ್ರೊವೇವ್ ಡಿಶ್ ಅಥವಾ ನೆಲದಡಿಯ ಆಪ್ಟಿಕಲ್ ಫೈಬರ್ ಆ ಹೊರೆ ಹೊರುತ್ತದೆ. ಒಬ್ಬ ಆಪರೇಟರ್ ಹಾಕಿದ ದಾರಿಯಲ್ಲಿ ಇನ್ನೊಬ್ಬರ ಕರೆ, ಡೇಟಾಗಳೂ ಸಾಗುವುದು ಬ್ಯಾಕ್‌ಹಾಲ್ ಹಂಚಿಕೆ.

2ಜಿ ಕಾಲದಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಸಾಗಿಸುವ ಒಂದೆರಡು ಇ1 ಲಿಂಕುಗಳಿದ್ದರೆ ಸಾಮಾನ್ಯ ಟವರಿಗೆ ಸಾಕಾಗುತ್ತಿತ್ತು. 3ಜಿ ಬಂದು ಡೇಟಾ ಹೆಚ್ಚಿದಾಗ ಆ ಲೆಕ್ಕ ತಪ್ಪಿತು.

ಹಂಚಿಕೆಗೆ ದೊಡ್ಡ ಮಟ್ಟದಲ್ಲಿ ಮೊದಲು ಕೈಹಾಕಿದ ದೇಶಗಳಲ್ಲಿ ಸ್ವೀಡನ್ ಒಂದು. 2000ದ ಡಿಸೆಂಬರಿನಲ್ಲಿ ಅದು ನಾಲ್ಕು 3ಜಿ ಲೈಸೆನ್ಸ್ ಕೊಟ್ಟಿತು. ಹಿಂದೆ ಸರ್ಕಾರಿ ಏಕಸ್ವಾಮ್ಯವಾಗಿದ್ದ ಟೆಲಿಯಾಕ್ಕೇ ಒಂದೂ ಸಿಗಲಿಲ್ಲ. ಲೈಸೆನ್ಸ್ ಪಡೆದಿದ್ದ ಟೆಲೆ2 ಜೊತೆ 2001ರಲ್ಲಿ ಕೈಜೋಡಿಸಿ ಅದು ಜಂಟಿ ಜಾಲ ಕಟ್ಟಿತು. ಕಾಡು, ಹಿಮದ ನಾಡಿನ ಬಹುತೇಕ ಎಲ್ಲ ಜನರನ್ನೂ 2003ರೊಳಗೆ ತಲುಪಬೇಕೆಂಬ ಷರತ್ತಿದ್ದಾಗ, ಒಬ್ಬೊಬ್ಬರೂ ಬೇರೆ ಬೇರೆ ದಾರಿ ಹಾಕುವುದು ದುಡ್ಡಿಗೂ ಸಮಯಕ್ಕೂ ಕೂಡಿಬರುವ ಮಾತಾಗಿರಲಿಲ್ಲ. ಬ್ರಿಟನ್ನಿನಲ್ಲಿ ಟಿ-ಮೊಬೈಲ್ ಮತ್ತು ‘3’ (ಥ್ರೀ) ಎಂಬ ಕಂಪನಿಗಳು 2007ರ ಡಿಸೆಂಬರಿನಲ್ಲಿ ಎಂಬಿಎನ್‌ಎಲ್ ಎಂಬ ಜಂಟಿ ಕಂಪನಿ ಸ್ಥಾಪಿಸಿ 3ಜಿ ಜಾಲಗಳನ್ನು ಒಂದುಗೂಡಿಸಲು ಹೊರಟವು.

ಭಾರತದಲ್ಲಿ ಮೊದಲು ಹಂಚಿಕೊಂಡದ್ದು ಕಂಬ, ಬ್ಯಾಟರಿ, ಡೀಸೆಲ್ ಜನರೇಟರುಗಳನ್ನು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2007ರಲ್ಲೇ ಬ್ಯಾಕ್‌ಹಾಲ್ ಹಂಚಿಕೆಗೂ ಶಿಫಾರಸು ಮಾಡಿತು. ಸರ್ಕಾರದ 2008ರ ಏಪ್ರಿಲಿನ ಮಾರ್ಗಸೂಚಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಊರೂರುಗಳ ನಡುವಿನ ಫೈಬರ್ ಹಂಚಿಕೆಯ ದೊಡ್ಡ ಒಪ್ಪಂದವೊಂದು ನಡೆದದ್ದು 2013ರ ಏಪ್ರಿಲಿನಲ್ಲಿ, ವ್ಯವಹಾರದಲ್ಲಿ ಬೇರೆಯಾಗಿದ್ದ ಅಂಬಾನಿ ಸಹೋದರರ ಕಂಪನಿಗಳ ಮಧ್ಯೆ. ರಿಲಯನ್ಸ್ ಕಮ್ಯುನಿಕೇಷನ್ಸ್‌ನ 1,20,000 ಕಿಲೋಮೀಟರ್ ಫೈಬರ್ ಬಳಸಲು ಜಿಯೊ ಸುಮಾರು 1,200 ಕೋಟಿ ರೂಪಾಯಿಗೆ ಒಪ್ಪಿತು.

ಮಲೆನಾಡಿನಂಥ ಕಡೆ ಹಂಚಿಕೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೈಕ್ರೊವೇವ್ ಡಿಶ್‌ಗಳು ಒಂದಕ್ಕೊಂದು ನೇರ ಕಾಣಬೇಕು. ನಡುವೆ ಗುಡ್ಡ ಬಂದರೆ ಅದರ ನೆತ್ತಿಯ ಮೇಲೆ ಇನ್ನೊಂದು ಟವರ್ ಬೇಕು. ಕೆಲವೇ ನೂರು ಫೋನುಗಳಿರುವ ಹಳ್ಳಿಗೆ ಇಂಥ ದಾರಿಯನ್ನು ಎರಡೆರಡು ಸಲ ಹಾಕುವುದು ಶುದ್ಧ ದಂಡ.

ಒಂದೇ ಫೈಬರಿನಲ್ಲಿ ಸಾಗಿದರೂ ಎರಡೂ ಕಂಪನಿಗಳ ಡೇಟಾ ಬೆರೆಯುವುದಿಲ್ಲ: ಪ್ರತಿ ಕಂತೆಗೂ ಅದು ಯಾರದೆಂಬ ಗುರುತು ಅಂಟಿರುತ್ತದೆ, ಯಾರಿಗೆ ಕನಿಷ್ಠ ಎಷ್ಟು ಜಾಗವೆಂಬುದನ್ನು ಕರಾರಿನಲ್ಲಿ ಬರೆಯಬಹುದು. ಬಗೆಹರಿಯದ ತಕರಾರು ಬೇರೆಯೇ. ಒಂದು ಕಂಪನಿ ಯಾವುದೋ ಊರಿನಲ್ಲಿ ಹೆಚ್ಚು ಜಾಗ ಕೇಳಿದೊಡನೆ, ಅಲ್ಲಿ ಅದರ ಗಿರಾಕಿಗಳು ಹೆಚ್ಚುತ್ತಿರುವ ಸುಳಿವು ಎದುರಾಳಿಗೆ ಸಿಕ್ಕಿಬಿಡುತ್ತದೆ. ಇನ್ನು ರಸ್ತೆ ಅಗೆಯುವ ಜೆಸಿಬಿ ಆ ಫೈಬರ್ ಕಿತ್ತರೆ ಇಬ್ಬರ ಟವರುಗಳೂ ಒಟ್ಟಿಗೇ ಸುಮ್ಮನಾಗುತ್ತವೆ. ಅದಕ್ಕೇ ಮುಖ್ಯ ಮಾರ್ಗಗಳನ್ನು ಉಂಗುರದಂತೆ ಹಾಕುತ್ತಾರೆ. ಒಂದು ಕಡೆ ತುಂಡಾದರೆ ಡೇಟಾ ಇನ್ನೊಂದು ಸುತ್ತಿನಿಂದ ಬರುತ್ತದೆ.