ಶಿರಾಡಿ ಘಾಟಿಯ ದಾರಿಫಲಕಗಳು: ವಿನ್ಯಾಸದ ಮೂಲ ಮತ್ತು ಆನೆದಾರಿಯ ಪ್ರಶ್ನೆ

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75, ಹಳೆಯ ಎಣಿಕೆಯಲ್ಲಿ 48, ಸಕಲೇಶಪುರ ದಾಟಿದ ಮೇಲೆ ದೋಣಿಗಾಲ್, ಮಾರನಹಳ್ಳಿಗಳ ಮೂಲಕ ಶಿರಾಡಿ ಘಾಟಿ ಇಳಿಯುತ್ತದೆ. ಇಲ್ಲಿನ ತಿರುವು, ಇಳಿಜಾರುಗಳನ್ನು ಸೂಚಿಸುವ ಕೆಂಪಂಚಿನ ತ್ರಿಕೋನ ಫಲಕದ ಹುಟ್ಟು ಯುರೋಪಿನಲ್ಲಿ. 1909ರ ಪ್ಯಾರಿಸ್ ಒಪ್ಪಂದ ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು ಎಂಬ ನಾಲ್ಕೇ ಅಪಾಯಗಳಿಗೆ ಚಿಹ್ನೆ ಗೊತ್ತುಮಾಡಿತ್ತು. ತ್ರಿಕೋನ ಬಂದದ್ದು 1926ರಲ್ಲಿ. ಬ್ರಿಟನ್ ಮಾತ್ರ ಬಹುಕಾಲ ಬರಹವನ್ನೇ ಹೆಚ್ಚು ನಂಬಿತ್ತು. ವರ್ಬಾಯ್ಸ್ ಸಮಿತಿಯ 1963ರ ವರದಿಯ ನಂತರ ಅಲ್ಲಿ ಜಾಕ್ ಕಿನ್ನಿಯರ್, ಮಾರ್ಗರೆಟ್ ಕ್ಯಾಲ್ವರ್ಟ್ ರೂಪಿಸಿದ ಚಿತ್ರಗಳೂ ಅಕ್ಷರಗಳೂ ಜಾರಿಗೆ ಬಂದವು. ದನದ ಚಿತ್ರಕ್ಕೆ ಕ್ಯಾಲ್ವರ್ಟ್ ಆರಿಸಿದ ಮಾದರಿ ವಾರಿಕ್‌ಶೈರಿನಲ್ಲಿ ಬಂಧುಗಳ ಮನೆಯಲ್ಲಿದ್ದ 'ಪೇಷನ್ಸ್' ಎಂಬ ಹಸು.

ಭಾರತದಲ್ಲಿ 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1977ರಲ್ಲಿ ಐಆರ್‌ಸಿ 67 ಎಂಬ ಸಂಹಿತೆಯನ್ನು ಹೊರತಂದಿತು. 1968ರ ವಿಯೆನ್ನಾ ಒಪ್ಪಂದಕ್ಕೆ ದೇಶ ಸೇರಿದ್ದು 1980ರಲ್ಲಿ. ಕಾನೂನಿನ ಬಲ ಬರುವುದು 1988ರ ಮೋಟಾರು ವಾಹನ ಕಾಯ್ದೆಯ ಅನುಸೂಚಿಯಿಂದ. ಆಜ್ಞೆ, ಎಚ್ಚರಿಕೆ, ಮಾಹಿತಿ ಎಂದು ಅದು ಫಲಕಗಳನ್ನು ಮೂರಾಗಿ ವಿಂಗಡಿಸುತ್ತದೆ. ಘಾಟಿಗೆ ಬೇಕಾದ ಹೇರ್‌ಪಿನ್ ತಿರುವು, ಕಡಿದಾದ ಇಳಿಜಾರು, ಜಾರುವ ರಸ್ತೆ, ಬೀಳುವ ಬಂಡೆ ಇವೆಲ್ಲ ಅದರಲ್ಲಿವೆ. ಮಳೆಗಾಲದಲ್ಲಿ ಗುಡ್ಡ ಜರಿಯುವ ದೊಡ್ಡತಪ್ಲುವಿನಂಥ ಜಾಗದಲ್ಲಿ ಈ ಚಿತ್ರಗಳಿಗೆ ಅರ್ಥವಿದೆ, ಏಕೆಂದರೆ ಅಪಾಯದ ಠಾವು ಬದಲಾಗುವುದಿಲ್ಲ.

ಆನೆಯ ವಿಷಯ ಬೇರೆ. ವಿಯೆನ್ನಾ ಒಪ್ಪಂದ ಸಾಕುಪ್ರಾಣಿಗೆ ಹಸುವನ್ನೂ ಕಾಡುಪ್ರಾಣಿಗೆ ನೆಗೆಯುವ ಜಿಂಕೆಯನ್ನೂ ಇಟ್ಟಿತು. 1988ರ ಅನುಸೂಚಿಯಲ್ಲಿ ದನವಿದೆ, ಆನೆಯಿಲ್ಲ. ಆಲೂರು–ಸಕಲೇಶಪುರದ ಕಾಫಿ ತೋಟ, ಗದ್ದೆಗಳ ನಡುವೆ ಓಡಾಡುವ ಹಿಂಡುಗಳಿಗೆ ನಿಂತ ಫಲಕ ಸಾಲದು: ಇವತ್ತು ಒಂದು ತೋಟದಲ್ಲಿದ್ದ ಹಿಂಡು ನಾಳೆ ಮೈಲಿಗಳಾಚೆ ರಸ್ತೆ ದಾಟುತ್ತದೆ. ವರ್ಷವಿಡೀ ಒಂದೇ ಮಾತು ಹೇಳುವ ಫಲಕವನ್ನು ದಿನವೂ ಓಡಾಡುವ ಚಾಲಕ ನೋಡುವುದನ್ನೇ ಬಿಡುತ್ತಾನೆ. ಹೈಕೋರ್ಟ್ 2012ರಲ್ಲಿ ನೇಮಿಸಿದ ಆನೆ ಕಾರ್ಯಪಡೆ ಆಲೂರು ಭಾಗದಿಂದ ಆನೆಗಳ ಸ್ಥಳಾಂತರಕ್ಕೆ ಶಿಫಾರಸು ಮಾಡಿತು. 2014ರಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ಆಮೇಲೂ ಆನೆಗಳು ಬಂದವು.

ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇಲ್ಲಿ ಕಟ್ಟಿದ ಮುನ್ನೆಚ್ಚರಿಕೆ ವ್ಯವಸ್ಥೆಯ ಮಹತ್ವ ಇರುವುದು ಇಲ್ಲಿಯೇ. ಹಿಂಡಿನ ಜಾಡು ಹಿಡಿದವರು ತಿಳಿಸಿದ ಠಾವು ಮೊಬೈಲ್ ಸಂದೇಶವಾಗಿ ಊರಿನವರಿಗೆ ತಲುಪುತ್ತದೆ. ರಸ್ತೆಬದಿಯ ಎಲ್‌ಇಡಿ ಫಲಕದಲ್ಲಿ ಕನ್ನಡದಲ್ಲಿ ಮೂಡುತ್ತದೆ. ಹಿಂಡು ಸರಿದಾಗ ಬರಹವನ್ನೂ ಬದಲಿಸಬಹುದು. ಚಿತ್ರವೊಂದೇ ಸಾಕು ಎಂಬ ಅಂತಾರಾಷ್ಟ್ರೀಯ ತತ್ವ ಊರು ತಿಳಿಯದ ಪ್ರಯಾಣಿಕನನ್ನು ನೆನೆದು ರೂಪುಗೊಂಡದ್ದು; ಈ ಫಲಕವನ್ನು ಮೊದಲು ಓದುವವರು ಸಂಜೆ ಕೆಲಸ ಬಿಟ್ಟು ನಡೆದು ಬರುವ ತೋಟದ ಕಾರ್ಮಿಕರು, ಶಾಲೆಯ ಮಕ್ಕಳು, ಬೈಕ್ ಸವಾರರು. ಯಾವ ಊರಿನ ಹತ್ತಿರ ಹಿಂಡಿದೆ ಎಂಬ ಹೆಸರೇ ಅವರಿಗೆ ಬೇಕಾದ ಸೂಚನೆ.