ಹಗೇವು, ಅಣೆಕಟ್ಟು, ಬೀಜದ ಗಡಿಗೆ: ನಾಲ್ಕು ತಾಲ್ಲೂಕುಗಳ ಅನ್ನದ ಇತಿಹಾಸ

ಹಳೆಯ ಮೈಸೂರು ಸೀಮೆಯ ಹಿರಿಯರಿಗೆ ‘ಹಗೇವು’ ಎಂದರೇನೆಂದು ಹೇಳಬೇಕಾಗಿಲ್ಲ. ಕಿರಿಯರಿಗೆ ಹೇಳದೆ ಗತ್ಯಂತರವಿಲ್ಲ. ಊರಿನ ಎತ್ತರದ, ನೀರು ನಿಲ್ಲದ ಗಟ್ಟಿನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ. ಒಳಗೆ ಹೋದಂತೆಲ್ಲ ಗುಡಾಣದಂತೆ ಅಗಲವಾಗುವ ಹೊಟ್ಟೆ. ಸುತ್ತ ಒಣಹುಲ್ಲನ್ನು ಒತ್ತಿ, ಸುಗ್ಗಿಯಲ್ಲಿ ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಆ ಧಾನ್ಯ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆಯುವ ದಿನ ಮಾತ್ರ ಎಚ್ಚರ ಬೇಕು. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಈ ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡವರೂ ಉಂಟು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಅನ್ನದ ಇತಿಹಾಸವನ್ನು ಬರೆಯಹೊರಟವರು ಈ ಹಗೇವಿನಿಂದಲೇ ಮೊದಲು ಮಾಡುವುದು ಉಚಿತ. (ಈಚೆಗೆ ಕೋಟೆಯಿಂದ ಸರಗೂರೂ ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಬೇರೆ ತಾಲ್ಲೂಕುಗಳಾಗಿವೆ, ಇಲ್ಲಿ ಹಳೆಯ ಎಲ್ಲೆಯನ್ನೇ ಇಟ್ಟುಕೊಂಡಿದೆ.) ಎಷ್ಟು ಬೆಳೆದರು ಎಂಬ ಲೆಕ್ಕವೊಂದರಿಂದಲೇ ಒಂದು ಸೀಮೆ ಉಂಡಿತೋ ಉಪವಾಸವಿತ್ತೋ ತಿಳಿಯುವುದಿಲ್ಲ. ಬೆಳೆದ ಕಾಳು ಯಾರ ವಶದಲ್ಲಿತ್ತು, ಹರಿಯುವ ನೀರು ಯಾರ ವಶದಲ್ಲಿತ್ತು, ಮುಂದಿನ ವರ್ಷದ ಬೀಜ ಯಾರ ಮನೆಯಲ್ಲಿತ್ತು ಎಂಬ ಪ್ರಶ್ನೆಗಳನ್ನು ಕೇಳಿದಾಗಲೇ ಈ ಕಥೆ ಬಾಯಿಬಿಡುತ್ತದೆ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ದೇಶವನ್ನು ಸುತ್ತಿದನು. ಅವನು ಕಂಡ ಪಿರಿಯಾಪಟ್ಟಣ ಯುದ್ಧಗಳಿಂದ ಹಾಳಾಗಿ, ಕೋಟೆಯೊಳಗೆ ಹುಲಿಗಳು ಬೀಡುಬಿಟ್ಟಿದ್ದ ಊರು. ಒಂದು ಕಾಲಕ್ಕೆ ಚಂಗಾಳ್ವರ ಬಲವಾದ ನೆಲೆಯಾಗಿದ್ದ ಪಟ್ಟಣಕ್ಕೆ ಬಂದ ಗತಿ ಅದು. ಆದರೂ ಆ ವೈದ್ಯನ ಬರಹದಲ್ಲಿ ರಾಜರ ಕಥೆಗಿಂತ ರಾಗಿಯ ಕಥೆಗೆ ಹೆಚ್ಚು ಸ್ಥಳ ದೊರೆತಿರುವುದು ನಮ್ಮ ಭಾಗ್ಯ. ಉಳುವ ಬಗೆ, ಬಿತ್ತುವ ಬಗೆ, ಕಾಳನ್ನು ನೆಲದಲ್ಲಿ ಹೂಳುವ ಬಗೆ ಎಲ್ಲವನ್ನೂ ಆತ ಬಿಡದೆ ಬರೆದಿಟ್ಟಿದ್ದಾನೆ.

ರಾಗಿಯ ಹೊಲವೆಂದರೆ ಬರಿಯ ರಾಗಿಯ ಹೊಲವಲ್ಲ. ಕೂರಿಗೆಯಲ್ಲಿ ರಾಗಿ ಬಿತ್ತುವಾಗಲೇ ಅದರ ಹಿಂದಿನ ಸಡ್ಡೆಯಿಂದ ನಡುನಡುವೆ ಅಕ್ಕಡಿ ಸಾಲು ಬೀಳುತ್ತಿತ್ತು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲಿ ನಿಂತು ಇಬ್ಬನಿಯಲ್ಲಿ ಕಾಯಿ ಕಟ್ಟುವುದು. ಮಳೆ ಒಂದಕ್ಕೆ ತಪ್ಪಿದರೆ ಇನ್ನೊಂದಕ್ಕೆ ಒದಗುವುದು. ಮುದ್ದೆಗೆ ಸಾರು, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ದನಕ್ಕೆ ಹುಲ್ಲು ಇವೆಲ್ಲವೂ ಒಂದೇ ಹೊಲದಿಂದ ಬರುತ್ತಿದ್ದುವು. ಬೇಳೆಕಾಳಿನ ಬೇರು ನೆಲಕ್ಕೆ ಸಾರಜನಕವನ್ನು ಸೇರಿಸುತ್ತದೆಂದು ವಿಜ್ಞಾನಿಗಳು ಆಮೇಲೆ ಹೇಳಿದರು. ಅಕ್ಕಡಿಯ ಜಾಗದಲ್ಲಿ ಮುಂದಿನ ಪೈರು ಹಸನಾಗಿ ಬರುವುದನ್ನು ಒಕ್ಕಲಿಗನು ಮೊದಲೇ ಕಂಡಿದ್ದನು. ಹುಣಸೂರು ಅಮೃತಮಹಲ್ ದನಗಳ ಇಲಾಖೆಗೆ ಬಹುಕಾಲ ಕೇಂದ್ರವಾಗಿದ್ದ ಊರು. ಆ ಎತ್ತುಗಳು ಫಿರಂಗಿ ಎಳೆದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ದನದ ಗೊಬ್ಬರ ಹೊಲಗಳಿಗೆ ಕೊಟ್ಟ ಕಸುವಿನ ಕಥೆಯನ್ನು ಯಾರೂ ಬರೆಯಲಿಲ್ಲವೆಂಬುದು ಈ ಲೇಖಕನ ಸಣ್ಣ ಆಕ್ಷೇಪ.

ಇಷ್ಟೆಲ್ಲ ಇದ್ದೂ ಧಾತು-ಈಶ್ವರ ಸಂವತ್ಸರಗಳ ಬರ ಬಂತು. ೧೮೭೧ರ ಗಣತಿಯಲ್ಲಿ ೫೦,೫೫,೪೧೨ ಜನರಿದ್ದ ಮೈಸೂರು ಸಂಸ್ಥಾನದಲ್ಲಿ ೧೮೮೧ರ ಗಣತಿಯ ವೇಳೆಗೆ ಉಳಿದವರು ೪೧,೮೬,೧೮೮. ೧೮೭೬ರಿಂದ ೧೮೭೮ರವರೆಗಿನ ಆ ಕ್ಷಾಮದ ಉರಿ ಪೂರ್ವದ ಬಯಲುಸೀಮೆಗೆ ಹೆಚ್ಚಾಗಿ ತಟ್ಟಿತು. ಕೊಡಗಿನ ಮಗ್ಗುಲಿನ ನಮ್ಮ ತಾಲ್ಲೂಕುಗಳು ಅಷ್ಟು ಬೇಯಲಿಲ್ಲ. ಹಗೇವು ಇದ್ದ ನಾಡಿನಲ್ಲಿ ಇಷ್ಟೊಂದು ಜನ ಹೇಗೆ ಸತ್ತರು? ಹಗೇವು ಇದ್ದದ್ದು ಹೊಲವಿದ್ದವರಿಗೆ. ಕೂಲಿಯವನಿಗೂ ನೇಯ್ಗೆಯವನಿಗೂ ಹಗೇವು ಎಲ್ಲಿಯದು? ಮಳೆ ಹೋದೊಡನೆ ಅವನ ಕೆಲಸ ಹೋಯಿತು, ಕೆಲಸದೊಡನೆ ಅನ್ನ ಹೋಯಿತು. ಮೇಲಿಂದ ಮೇಲೆ ಬೆಳೆ ಕೈಕೊಟ್ಟಾಗ ಹೊಲವಿದ್ದವನ ಹಗೇವೂ ಬರಿದಾಯಿತು. ಹಳೆಯ ವ್ಯವಸ್ಥೆಯನ್ನು ಹೊಗಳುವವರು ಈ ಮಾತನ್ನು ಮರೆಯಲಾಗದು.

ಇನ್ನು ನೀರಿನ ಮಾತು. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥಕ್ಕೆ ಹುಣಸೂರು ತಾಲ್ಲೂಕಿನ ಹನಗೋಡು, ಕಟ್ಟೆಮಳಲವಾಡಿಗಳಲ್ಲಿ ಹಳೆಯ ಅಣೆಕಟ್ಟುಗಳಿವೆ. ಕೃಷ್ಣರಾಜನಗರದ ಕಡೆ ಕಾವೇರಿಯಿಂದ ಹೊರಟ ಮಿರ್ಲೆ, ಚಾಮರಾಜ, ರಾಮಸಮುದ್ರ ನಾಲೆಗಳು ಆ ತಾಲ್ಲೂಕನ್ನು ಭತ್ತದ ಕಣಜವೆನಿಸಿದುವು. ಇವು ಹೊಳೆಯನ್ನು ತಡೆದು ನಿಲ್ಲಿಸುವ ಕಟ್ಟೆಗಳಲ್ಲ. ನೀರನ್ನು ಸ್ವಲ್ಪ ಎತ್ತರಿಸಿ ಪಕ್ಕದ ನಾಲೆಗೆ ತಿರುಗಿಸುವಂಥವು. ಹೊಳೆ ತನ್ನ ಪಾಡಿಗೆ ಹರಿಯುವುದು, ಗದ್ದೆಯೂ ನೆನೆಯುವುದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನೋಡಿಕೊಳ್ಳಲು ಊರಿನ ನೀರುಗಂಟಿಯಿದ್ದನು. ಅವನ ಸಂಬಳ ಕಣದಲ್ಲಿ ಅಳೆದು ಕೊಡುವ ಭತ್ತ. ಬಾಲದ ಗದ್ದೆಗೆ ನೀರು ಮುಟ್ಟದಿದ್ದರೆ ಬಾಲದ ಕಣದಲ್ಲಿ ಅವನ ಮೊರಕ್ಕೆ ಬೀಳುವುದೂ ಕಡಿಮೆ. ನ್ಯಾಯವನ್ನು ಇದಕ್ಕಿಂತ ಸರಳವಾಗಿ ಕಟ್ಟಿಹಾಕಿದ ವ್ಯವಸ್ಥೆಯನ್ನು ನಾನು ಬೇರೆಡೆ ಕಾಣೆ.

ಹೆಗ್ಗಡದೇವನಕೋಟೆಗೆ ಈ ಅದೃಷ್ಟವಿರಲಿಲ್ಲ. ೧೯೭೪ರಲ್ಲಿ ಮುಗಿದ ಕಬಿನಿ ಜಲಾಶಯದಲ್ಲಿ ಮುಳುಗಿದುವು ಕೋಟೆಯ ಹಳ್ಳಿಗಳು. ನೀರು ಬಹುಪಾಲು ಹರಿದುದು ಕೆಳಗಿನ ತಾಲ್ಲೂಕುಗಳಿಗೆ. ಕಪಿಲೆಯ ದಡದಲ್ಲೇ ಇದ್ದು ಮಳೆಗಾಗಿ ಮುಗಿಲು ನೋಡುವ ಊರುಗಳು ಅಲ್ಲಿ ಉಳಿದುವು.

ಅದೇ ೧೯೭೪ನೆಯ ಇಸವಿ ಇನ್ನೊಂದು ಕಾರಣಕ್ಕೂ ಸ್ಮರಣೀಯ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಆ ವರ್ಷದ ಮಾರ್ಚ್ ೧ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿಕೊಂಡು ನ್ಯಾಯಮಂಡಲಿಯ ಮುಂದೆ ಒಡೆತನವನ್ನು ಪಡೆಯುವಂತಾಯಿತು. ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳು ಅದಕ್ಕೂ ಮೊದಲೇ, ೧೯೫೫ರ ಕಾಯಿದೆಯಿಂದ ರದ್ದಾಗಿದ್ದುವು. ಮಠಮಾನ್ಯಗಳ ಇನಾಂ ಭೂಮಿಯೂ ಅದಕ್ಕೆ ಹೊರತಾಗಿರಲಿಲ್ಲ. ಅದರಿಂದ ದಾಸೋಹಕ್ಕೆ ಧಾನ್ಯ ಕಡಿಮೆಯಾಯಿತೆಂದು ಕೊರಗಿದವರುಂಟು. ಆದರೆ ಸುಗ್ಗಿಯ ಕಣದಲ್ಲಿ ಗೇಣಿಯ ಪಾಲು ಹೋಗದೆ ಉಳಿದ ಕಾಳು ಉಳುವವನ ಮನೆಯಲ್ಲೇ ಅನ್ನವಾದುದನ್ನು ನಷ್ಟವೆಂದು ಕರೆಯುವುದು ಹೇಗೆ? ಕರಾವಳಿಯಷ್ಟು ಗೇಣಿ ಪದ್ಧತಿ ನಮ್ಮ ಸೀಮೆಯಲ್ಲಿರಲಿಲ್ಲ ಎಂಬುದು ನಿಜ. ಇದ್ದ ಕಡೆ ಮಾತ್ರ ಬದಲಾವಣೆ ಕಣ್ಣಿಗೆ ಕಾಣುವಂತಿತ್ತು.

ಸುಮಾರು ಇದೇ ಕಾಲದಲ್ಲಿ ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ‘ರಾಗಿ ಲಕ್ಷ್ಮಣಯ್ಯ’ನೆಂದೇ ಹೆಸರಾದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದರು. ಪರದೇಶದ ಗೋಧಿ, ಭತ್ತಗಳ ಗದ್ದಲದಲ್ಲಿ ಬಡವನ ಕಾಳಿಗೆ ಆದ ಉಪಕಾರವಿದು. ಇಳುವರಿ ಹೆಚ್ಚಿತು, ಬೀಜವನ್ನು ರೈತ ತಾನೇ ಇಟ್ಟುಕೊಂಡು ಮತ್ತೆ ಬಿತ್ತಲೂಬಹುದಾಗಿತ್ತು. ಈ ಎರಡನೆಯ ಗುಣವನ್ನು ಹೊಗಳುವವರು ಕಡಿಮೆ.

ಆದರೆ ಹುಣಸೂರು, ಪಿರಿಯಾಪಟ್ಟಣಗಳ ಕೆಂಪು ಮರಳುಮಿಶ್ರಿತ ಭೂಮಿಗೆ ಅಷ್ಟರಲ್ಲಿ ಬೇರೊಂದು ಬೆಳೆಯ ಕಣ್ಣು ಬಿದ್ದಿತ್ತು. ಸಿಗರೇಟಿಗೆ ಬೇಕಾದ ವರ್ಜೀನಿಯ ಹೊಗೆಸೊಪ್ಪು ಇಲ್ಲಿನ ಮಳೆಯಾಶ್ರಯದಲ್ಲಿಯೇ ಹದವಾಗಿ ಬರುವುದೆಂದು ಕಂಡುಕೊಂಡದ್ದಾಯಿತು. ಹುಣಸೂರಿನಲ್ಲಿ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯ ಶಾಖೆ ಬಂತು. ೧೯೭೬ರ ಜನವರಿಯಲ್ಲಿ ತಂಬಾಕು ಮಂಡಳಿ ಹುಟ್ಟಿತು. ೧೯೮೪ರಲ್ಲಿ ಕರ್ನಾಟಕದಲ್ಲಿ ಹರಾಜಿನ ವ್ಯವಸ್ಥೆ ಆರಂಭವಾಯಿತು. ಹುಣಸೂರು, ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಹೆಗ್ಗಡದೇವನಕೋಟೆಗಳಲ್ಲಿ ಹರಾಜು ಮಾರುಕಟ್ಟೆಗಳು ತಲೆಯೆತ್ತಿದುವು. ರೈತನು ಈ ಬೆಳೆಯ ಕಡೆ ವಾಲಿದುದಕ್ಕೆ ಅವನನ್ನು ದೂರುವುದು ಸುಲಭ, ಸರಿಯಲ್ಲ. ಒಂದೇ ಗಂಟಿನಲ್ಲಿ ಕೈಗೆ ಹಣ ಬರುವ ಬೆಳೆ ಮಳೆನೆಲದಲ್ಲಿ ಬೇರೆ ಯಾವುದಿತ್ತು? ಮಗಳ ಮದುವೆ, ಮಗನ ಓದು, ಹೆಂಚಿನ ಮನೆ ಇವುಗಳ ಹಿಂದೆ ಹೊಗೆಸೊಪ್ಪಿನ ದುಡ್ಡಿದೆ.

ತೆತ್ತ ಬೆಲೆಯನ್ನೂ ಹೇಳಬೇಕಷ್ಟೆ. ಎಲೆಯನ್ನು ಬ್ಯಾರನ್ನಿನಲ್ಲಿ ಬಿಸಿಗಾಳಿಗೆ ಹದಮಾಡಬೇಕು. ಒಂದು ಕಿಲೋ ಹದವಾದ ಎಲೆಗೆ ಹಲವು ಕಿಲೋ ಸೌದೆ ಉರಿಯುತ್ತದೆ. ಹೊಲದ ಬದುವಿನ ಮರಗಳು ಹೋದದ್ದು ಹೀಗೆ. ಅಕ್ಕಡಿಯ ಸಾಲು ಹೋಯಿತು. ಗೊಬ್ಬರಕ್ಕೆ, ಸೌದೆಗೆ, ಕೂಲಿಗೆ ಮುಂಗಡ ಸಾಲ ಬಂತು. ಬೆಳೆಯುವವನಿಗೆ ಮಂಡಳಿಯ ಲೈಸೆನ್ಸು ಬೇಕು, ಎಷ್ಟು ಬೆಳೆಯಬೇಕೆಂಬ ಮಿತಿಯೂ ಮೇಲಿನಿಂದ ಬರುತ್ತದೆ. ಮಿತಿ ಮೀರಿದರೆ ದಂಡ. ಭಾರತವು ೨೦೦೪ರಲ್ಲಿ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಅಂಗೀಕರಿಸಿದ ಮೇಲೆ, ಬೆಳೆಗಾರರಿಗೆ ಬದಲಿ ಜೀವನೋಪಾಯವನ್ನು ಬೆಂಬಲಿಸುವ ಬಾಧ್ಯತೆಯೂ ಸೇರಿಕೊಂಡಿತು. ಬದಲಿ ಬೆಳೆಗೆ ಅಂಥದೇ ಖಚಿತವಾದ ಮಾರುಕಟ್ಟೆಯಿಲ್ಲದೆ ರೈತನು ಹೇಗೆ ಹೊರಳಿಯಾನು?

ಇದೇ ಸಮಯದಲ್ಲಿ ಕಾಡಿನಂಚಿನಲ್ಲಿ ಇನ್ನೊಂದು ಬಗೆಯ ಹಸಿವು ಹುಟ್ಟಿತ್ತು. ನಾಗರಹೊಳೆ ೧೯೫೫ರಲ್ಲಿ ಅಭಯಾರಣ್ಯವಾಯಿತು, ಆಮೇಲೆ ರಾಷ್ಟ್ರೀಯ ಉದ್ಯಾನ. ಜೇನುಕುರುಬ, ಬೆಟ್ಟಕುರುಬ, ಯರವ ಜನರು ಹಾಡಿಗಳಿಂದ ಹೊರಬಂದರು. ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚಿತವಾದ ಮುಜಾಫರ್ ಅಸ್ಸಾದಿ ಸಮಿತಿಯು ೨೦೧೪ರಲ್ಲಿ ಹೀಗೆ ನೆಲೆ ತಪ್ಪಿದ ಕುಟುಂಬಗಳ ಸಂಖ್ಯೆ ೩,೪೧೮ ಎಂದು ಹೇಳಿತು. ಕಾಡುಗೆಣಸು, ಜೇನು, ಕಳಲೆ, ಸೊಪ್ಪುಗಳನ್ನು ಋತುವಿಗೆ ತಕ್ಕಂತೆ ತಂದು ಉಣ್ಣುತ್ತಿದ್ದ ಜನ ಅಕ್ಕಿಯ ಚೀಲಕ್ಕೆ ಕೈಯೊಡ್ಡುವಂತಾದರು. ಅವರ ಕಣಜ ಕಾಡು. ಅದರ ಬಾಯಿಗೆ ಚಪ್ಪಡಿ ಬಿತ್ತು.

೧೯೮೪ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಜನರ ನಡುವೆ ಕೆಲಸಕ್ಕಿಳಿಯಿತು. ಕೆಂಚನಹಳ್ಳಿ, ಸರಗೂರುಗಳ ಆಸ್ಪತ್ರೆಗಳೂ ಹೊಸಹಳ್ಳಿಯ ಗಿರಿಜನ ಶಾಲೆಯೂ ಅದರ ಫಲ. ಕೋಟೆಯಲ್ಲಿ ದುಡಿದ ಇನ್ನೊಂದು ಸಂಸ್ಥೆ ಮೈರಾಡ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಅರವತ್ತರ ದಶಕದ ಆರಂಭದಿಂದ ಟಿಬೆಟನ್ ನಿರಾಶ್ರಿತರು ಕಾಡು ಕಡಿದು, ಮುಸುಕಿನ ಜೋಳ ಬೆಳೆದು, ಸಹಕಾರ ಸಂಘ ಕಟ್ಟಿಕೊಂಡು ನೆಲೆಯೂರಿದರು. ೧೯೬೮ರಲ್ಲಿ ಆರಂಭವಾದ ಮೈರಾಡ ಮೊದಲು ಕೈಹಾಕಿದ್ದು ಇಂಥ ಟಿಬೆಟನ್ ಪುನರ್ವಸತಿಯ ಕಾರ್ಯಕ್ಕೇ. ಮುಂದೆ ಎಂಬತ್ತರ ದಶಕದ ನಡುವೆ ಅದು ಹಳ್ಳಿಗಳಲ್ಲಿ ಸಣ್ಣ ಉಳಿತಾಯ ಸಂಘಗಳನ್ನು ಬೆಳೆಸಿತು; ನಬಾರ್ಡ್ ೧೯೮೭ರಲ್ಲಿ ಅದಕ್ಕೆ ನೆರವು ನೀಡಿ, ೧೯೯೨ರಲ್ಲಿ ಇಂಥ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕೆಲಸ ಆರಂಭಿಸಿತು. ಇಂದು ಊರೂರಿನಲ್ಲಿರುವ ಸ್ತ್ರೀಯರ ಸ್ವಸಹಾಯ ಸಂಘಗಳ ಒಂದು ಬೇರು ಅಲ್ಲಿದೆ.

ಸಾಲಕ್ಕೂ ಅನ್ನಕ್ಕೂ ಏನು ನಂಟೆಂದು ಓದುಗರು ಕೇಳಬಹುದು. ಸುಗ್ಗಿಯಲ್ಲಿ ಸಾಲಗಾರ ಬಾಗಿಲಿಗೆ ಬಂದಾಗ ರಾಗಿಯನ್ನು ಅಗ್ಗಕ್ಕೆ ಅಳೆದುಕೊಟ್ಟು, ಆಷಾಢದಲ್ಲಿ ಅದೇ ರಾಗಿಯನ್ನು ದುಬಾರಿಗೆ ಕೊಂಡುತರುವುದು ಬಡ ಒಕ್ಕಲಿನ ಪ್ರತಿವರ್ಷದ ಪಾಡಾಗಿತ್ತು. ಸಂಘದಿಂದ ನೂರೋ ಇನ್ನೂರೋ ಕೈಗೆ ಸಿಕ್ಕ ಹೆಂಗಸು ಆ ರಾಗಿಯನ್ನು ಮನೆಯಲ್ಲೇ ಉಳಿಸಿಕೊಂಡಳು. ಹೆಸರು ಬೇರೆಯಾದರೂ ಇದು ಹಗೇವಿನ ಕೆಲಸವೇ. ಹೊಲವಿಲ್ಲದವಳಿಗೂ ಒದಗಿದ ಹಗೇವು ಎಂಬುದಷ್ಟೇ ವಿಶೇಷ.

ಕೊನೆಗೆ ಬೀಜ. ಅವರೆಬೀಜಕ್ಕೆ ಬೂದಿ ಸವರಿ, ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟದ ಮೇಲಿಡುತ್ತಿದ್ದವಳು ಮನೆಯ ಹಿರಿಯಳು. ಯಾವ ತೆನೆ ಬೀಜಕ್ಕೆ, ಯಾವುದು ಬೀಸುವ ಕಲ್ಲಿಗೆ ಎಂಬ ತೀರ್ಪೂ ಅವಳದೇ. ಅಂಗಡಿಯ ಬೀಜದ ಪೊಟ್ಟಣ ಬಂದ ಮೇಲೆ ಆ ಗಡಿಗೆ ಅಟ್ಟದಿಂದ ಇಳಿಯಿತು. ಬೆಂಗಳೂರಿನ ಸಹಜ ಸಮೃದ್ಧ ಬಳಗವು ಈ ಇಪ್ಪತ್ತು ವರ್ಷಗಳಿಂದೀಚೆಗೆ ರಾಜಮುಡಿ, ರತ್ನಚೂಡಿ ಮೊದಲಾದ ದೇಸಿ ಭತ್ತಗಳನ್ನೂ ಸಿರಿಧಾನ್ಯಗಳನ್ನೂ ರೈತರ ಕೈಗೆ ಮರಳಿಸುವ ಕೆಲಸದಲ್ಲಿ ತೊಡಗಿದೆ. ಕೋಟೆಯ ಒಕ್ಕಲುಗಳೂ ಅದರಲ್ಲಿ ಸೇರಿದ್ದಾರೆ. ಅದು ಮೈಸೂರಿನಲ್ಲಿ ನಡೆಸಿದ ಗೆಡ್ಡೆ-ಗೆಣಸು ಮೇಳಗಳಲ್ಲಿ ಪೇಟೆಯವರು ಹೆಸರೇ ಕೇಳದ ಗೆಡ್ಡೆಗಳು ಕಂಡುಬಂದುವು. ರಾಜ್ಯ ಸರ್ಕಾರವು ೨೦೦೪ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಮುಂದೆ ಸಿರಿಧಾನ್ಯ ಬೆಳೆವವರಿಗೆ ‘ರೈತಸಿರಿ’ ಯೋಜನೆಯಡಿ ಹೆಕ್ಟೇರಿಗೆ ೧೦,೦೦೦ ರೂಪಾಯಿಯ ಪ್ರೋತ್ಸಾಹಧನವೂ ಬಂತು. ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಬೆಂಬಲ ಬೆಲೆಗೆ ಕೊಂಡ ರಾಗಿ ನ್ಯಾಯಬೆಲೆ ಅಂಗಡಿಯ ಮೂಲಕ ನಮ್ಮ ಕಡೆಯ ಮನೆಗಳನ್ನು ಸೇರಿದ್ದು ಇವೆಲ್ಲಕ್ಕಿಂತ ಹೆಚ್ಚು ಜನರ ಹೊಟ್ಟೆಗೆ ಮುಟ್ಟಿದ ಸಂಗತಿಯೆಂದು ನನ್ನ ಎಣಿಕೆ.

ಹೊಗೆಸೊಪ್ಪು ಇಲ್ಲಿಂದ ಹೋಗಿಲ್ಲ. ಮಳೆಗಾಲ ಮುಗಿಯುತ್ತ ಬಂದಂತೆ ಇಂದಿಗೂ ಕಂಪಲಾಪುರದ ಹಾದಿಯಲ್ಲಿ ಬೇಲುಗಳನ್ನು ಹೇರಿದ ಗಾಡಿಗಳು ಹರಾಜಿಗೆ ಸಾಲುಗಟ್ಟುತ್ತವೆ. ಆದರೆ ಮಳೆ ಕೈಕೊಡದ ವರ್ಷಗಳಲ್ಲಿ ಕೊನೆಯ ಎಲೆ ಮುರಿದೊಡನೆ ಹಲವರು ಕಡ್ಡಿ ಕಿತ್ತು, ಅದೇ ನೆಲವನ್ನು ಉತ್ತು ರಾಗಿ ಹಾಕುತ್ತಾರೆ. ಹೊಗೆಸೊಪ್ಪಿಗೆಂದು ಕೊಟ್ಟ ಗೊಬ್ಬರದ ಉಳಿಕೆಯಲ್ಲಿಯೇ ಆ ರಾಗಿ ಬರುತ್ತದೆ. ಬೇಲು ಲೆಕ್ಕದ ಪುಸ್ತಕಕ್ಕೆ ಏರುವ ವೇಳೆಗೆ ರಾಗಿಯಲ್ಲಿ ತೆನೆ ಕಾಣಿಸಿಕೊಂಡಿರುತ್ತದೆ. ಅದನ್ನು ಎಷ್ಟು ಬೆಳೆಯಬೇಕೆಂದು ಯಾವ ಮಂಡಳಿಯೂ ಹೇಳುವುದಿಲ್ಲ, ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂಬುದರ ಮೇಲೆ ಅದು ತೀರ್ಮಾನವಾಗುತ್ತದೆ.