ಹೊಸ್ತಿಲ ಕೆಳಗಿನ ದುಡ್ಡು

ಹೋದ ವರ್ಷ ಊರಿಂದ ಕಾಕಾನ ಮಗ ಫೋನ್ ಮಾಡಿದ. "ಅಣ್ಣಾ, ಬೈಕುಲ್ಲಾಕ್ಕ ಲ್ಯಾಮಿಂಗ್ಟನ್ ರೋಡ್ ಹತ್ರ ಅಂತಲ್ಲ, ಮೆಟಲ್ ಡಿಟೆಕ್ಟರಿಗೆ ಎಷ್ಟಾಕ್ಕೈತಿ ಕೇಳಿ ಹೇಳು." ನಮ್ಮದು ಗದಗ ಜಿಲ್ಲೆ, ಲಕ್ಕುಂಡಿ ಆಸುಪಾಸಿನ ಹಳ್ಳಿ. ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟುವುದು ನಿಶ್ಚಯವಾಗಿತ್ತು. ಕೆಡವುವ ಮುಂಚೆ ಪಡಸಾಲೆ, ಹಿತ್ತಲು, ಮುಚ್ಚಿಹೋದ ಹಗೇವು ಎಲ್ಲದರ ಮೇಲೂ ಒಮ್ಮೆ ಯಂತ್ರ ಆಡಿಸಿಬಿಡಬೇಕು ಎಂಬುದು ಅವನ ಲೆಕ್ಕ.

ಅವನ ಆಸೆ ಪೂರ್ತಿ ಹುಚ್ಚೇನಲ್ಲ. ಲಕ್ಕುಂಡಿ ಎಂದರೆ ಶಾಸನಗಳ ಲೊಕ್ಕಿಗುಂಡಿ. ಅಲ್ಲಿ ಟಂಕಸಾಲೆ ಇತ್ತು. 'ಲೊಕ್ಕಿ ಗದ್ಯಾಣ' ಎಂಬ ಹೊನ್ನಿನ ಹೆಸರು ಶಾಸನಗಳಲ್ಲಿ ಬರುತ್ತದೆ. ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಬಂದದ್ದೇ 1882ರಲ್ಲಿ. ಅದಕ್ಕೂ ಮುಂಚೆ ಹಣ ಇಡುವುದೆಂದರೆ ಗಡಿಗೆಗೆ ತುಂಬಿ ನೆಲದಲ್ಲಿ ಹೂಳುವುದು. ನಿಧಿ ಕಾಯುವ ಸರ್ಪದ ಕಥೆ ಕೇಳದೆ ಬೆಳೆದವರು ನಮ್ಮ ಕಡೆ ಯಾರೂ ಇಲ್ಲ.

ಆ ಭಾನುವಾರ ಅಂಗಡಿ ಓಣಿಗೆ ಹೋಗುವ ಬದಲು ರಾಣಿಬಾಗಿಗೆ ಹೋದೆ. ಬೈಕುಲ್ಲಾದಲ್ಲಿ ಬಾಡಿಗೆಗಿರುವವರಿಗೆ ಪುಕ್ಕಟೆಯಷ್ಟೇ ಬೆಲೆಗೆ ಸಿಗುವ ನೆರಳು ಅದೊಂದೇ. ಅಲ್ಲೇ 1872ರಲ್ಲಿ ತೆರೆದ ಮ್ಯೂಸಿಯಂ ಇದೆ. 1975ರಿಂದ ಅದಕ್ಕೆ ಡಾ. ಭಾವು ದಾಜಿ ಲಾಡ್ ಹೆಸರು. ಅವರು ವೃತ್ತಿಯಿಂದ ವೈದ್ಯರು. ಹಳೆಯ ನಾಣ್ಯ, ಶಾಸನಗಳ ಗೀಳು ಹತ್ತಿಸಿಕೊಂಡವರು. ಮ್ಯೂಸಿಯಂ ಪಕ್ಕದಲ್ಲಿ ಕಪ್ಪು ಕಲ್ಲಿನ ಆನೆಯೊಂದು ನಿಂತಿದೆ. ಮಕ್ಕಳು ಅದರ ಮುಂದೆ ಸೆಲ್ಫಿ ತೆಗೆದುಕೊಂಡು ನಿಜವಾದ ಆನೆ ಎಲ್ಲಿ ಎಂದು ಮುಂದೆ ಓಡುತ್ತಾರೆ. ಇದು ಘಾರಾಪುರಿ ದ್ವೀಪದ್ದು. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫಂಟಾ ಎಂದು ಹೆಸರಿಟ್ಟದ್ದು ಇದನ್ನು ನೋಡಿಯೇ. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಚೂರಾಯಿತು. ಚೂರುಗಳು ಇಲ್ಲಿಗೆ ಬಂದವು, 1914ರಲ್ಲಿ ಜೋಡಿಸಿ ನಿಲ್ಲಿಸಿದರು.

ಘಾರಾಪುರಿಯ ಗುಹೆ ಯಾರದು ಎಂಬುದು ಬಹಳ ಕಾಲ ಜಗಳದ ವಿಷಯವಾಗಿತ್ತು. ಅಲ್ಲಿದ್ದ ಶಾಸನವನ್ನು ಪೋರ್ಚುಗೀಸರು ತಮ್ಮ ದೇಶಕ್ಕೆ ಕಳಿಸಿದರು, ಅದು ಕಳೆದೇಹೋಯಿತು. ನಮ್ಮವರಿಗೆ ಅದು ಚಾಲುಕ್ಯರದೇ ಎನ್ನಲು ಆಸೆ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ಹಡಗುಗಳು ಪುರಿಯನ್ನು ಗೆದ್ದ ವರ್ಣನೆ ಇದೆ. ಆ ಪುರಿ ಘಾರಾಪುರಿಯೇ ಎನ್ನುವವರೂ ಇದ್ದಾರೆ. ಆದರೆ ದ್ವೀಪದಲ್ಲಿ ಸಿಕ್ಕ ಪುಟ್ಟ ತಾಮ್ರದ ನಾಣ್ಯಗಳು ಬೇರೆ ಸಾಕ್ಷಿ ಹೇಳಿದವು. ಅವು ಆರನೇ ಶತಮಾನದ ಕಲಚುರಿ ರಾಜ ಕೃಷ್ಣರಾಜನವು. ಅಲ್ಲಿ ಕಲ್ಲು ಕಡಿದವರಿಗೆ ಕೂಲಿಯಾಗಿ ಕೊಟ್ಟ ಚಿಲ್ಲರೆ ಅದಾಗಿರಬೇಕು ಎಂಬ ಊಹೆ ಇದೆ. ಇಂದು ಬಹಳ ವಿದ್ವಾಂಸರು ಗುಹೆಯನ್ನು ಕಲಚುರಿಗಳ ಕಾಲಕ್ಕೇ ಸೇರಿಸುತ್ತಾರೆ.

ಇದೇ ಕೃಷ್ಣರಾಜನ ಮೊಮ್ಮಗ ಬುದ್ಧರಾಜನನ್ನು ಬಾದಾಮಿಯ ಮಂಗಳೇಶ ಸೋಲಿಸಿದ. ಮಹಾಕೂಟದ ಕಂಬ ಅದನ್ನು ಹೇಳುತ್ತದೆ. ಆದರೂ ಸುಮಾರು 710ರಲ್ಲಿ ನಾಸಿಕದ ಕಡೆ ಚಾಲುಕ್ಯರ ಮಾಂಡಲಿಕ ಭೋಗಶಕ್ತಿ ಬರೆಸಿದ ಅಂಜನೇರಿ ತಾಮ್ರಪಟದಲ್ಲಿ ಲೆಕ್ಕ ಇರುವುದು 'ಕೃಷ್ಣರಾಜ ರೂಪಕ'ಗಳಲ್ಲಿ! ರಾಜ್ಯ ಹೋಗಿ ನೂರು ವರ್ಷವಾದರೂ ಸೋತವನ ದುಡ್ಡು ಗೆದ್ದವರ ಸಂತೆಯಲ್ಲಿ ನಡೆಯುತ್ತಿತ್ತು. ನನಗೆ ಇದು ಯುದ್ಧದ ವರ್ಣನೆಗಿಂತ ರುಚಿಕರ ಸುದ್ದಿ.

ಘಾರಾಪುರಿಯ ಆ ನಾಣ್ಯಗಳನ್ನು ಯಾರಾದರೂ ಜೇಬಿಗಿಳಿಸಿ ಇಲ್ಲೇ ಸಮೀಪದ ಚೋರ್ ಬಜಾರಿನಲ್ಲಿ ಮಾರಿದ್ದರೆ? ನಾಣ್ಯ ಉಳಿಯುತ್ತಿತ್ತು, ಸಾಕ್ಷಿ ಹೋಗುತ್ತಿತ್ತು. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಎಂಬುದೇ ಅದರ ಮಾತು. ಡಿಟೆಕ್ಟರಿಗೆ ಇದೆಲ್ಲ ಬೇಕಿಲ್ಲ. ಅದರ ಸುರುಳಿಯಿಂದ ಹೊರಟ ಕಾಂತಕ್ಷೇತ್ರ ನೆಲದೊಳಗಿನ ಲೋಹಕ್ಕೆ ತಾಗಿ ಅಲ್ಲಿ ವಿದ್ಯುತ್ ಸುಳಿ ಎಬ್ಬಿಸುತ್ತದೆ, ಯಂತ್ರ ಕೂಗುತ್ತದೆ, ಅಷ್ಟೇ. ಗದ್ಯಾಣಕ್ಕೂ ಕೂಗೀತು, ಸೋಡಾ ಬಾಟಲಿಯ ಮುಚ್ಚಳಕ್ಕೂ ಕೂಗೀತು. ನಾಣ್ಯದಷ್ಟು ಚಿಕ್ಕ ವಸ್ತುವಾದರೆ ಸಾಮಾನ್ಯ ಯಂತ್ರಕ್ಕೆ ಒಂದಡಿ ಆಳವೂ ಕಷ್ಟ. ಕೂಗಿದ ಮೇಲೆ ಗುದ್ದಲಿ ಹಿಡಿದವನು ಪದರ ನೋಡಿ ಅಗೆಯುತ್ತಾನೆಯೇ?

ಯಂತ್ರವಿಲ್ಲದ ಆಸೆಯೂ ಕಡಿಮೆ ಅಪಾಯದ್ದಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಕೆಡವಿ ಹಾಕಿದ್ದನ್ನು ಓದಿದ್ದೀರಿ. ಭಕ್ತರು ಕೂಡಲೇ ಮತ್ತೆ ಕಟ್ಟಿದರು.

ಕಾಯ್ದೆಯನ್ನೂ ತಮ್ಮನಿಗೆ ಹೇಳಿದೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕದ್ದು ಹತ್ತು ರೂಪಾಯಿ ಮೀರಿದರೆ ಕಲೆಕ್ಟರರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಪಾಲೂ ಹೋಯಿತು, ಜೈಲೂ ಉಂಟು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. "ಹತ್ತು ರೂಪಾಯಿನಾ? ಚಾ ಬರಂಗಿಲ್ಲಲ್ಲೋ ಅಣ್ಣಾ" ಎಂದು ನಕ್ಕ. ಯಂತ್ರದ ಮಾತು ಅಲ್ಲಿಗೆ ಬಿಟ್ಟ. ನಾನು ಕೇಳಿದ್ದು ಒಂದೇ: ಕೆಡವುವಾಗ ಏನಾದರೂ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡ, ಎತ್ತುವ ಮುಂಚೆ ಫೋಟೋ ತೆಗೆ.

ಮಳೆಗಾಲ ಕಳೆದ ಮೇಲೆ ಫೋಟೋ ಬಂತು. ತಲೆಬಾಗಿಲ ಹೊಸ್ತಿಲ ಕಟ್ಟಿಗೆ ಎತ್ತಿದಾಗ ಕೆಳಗಿನ ಮಣ್ಣಿನಲ್ಲಿ ಒಂದೇ ಒಂದು ತಾಮ್ರದ ದುಡ್ಡು. ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ, 1835. ಬಾಗಿಲು ಕೂಡ್ರಿಸುವಾಗ ಪೂಜೆ ಮಾಡಿ ಇಟ್ಟದ್ದು. ಪೇಟೆಯಲ್ಲಿ ರಾಶಿ ರಾಶಿ ಸಿಗುವ ಜಾತಿ ಅದು.

ತೊಂದರೆ ಏನೆಂದರೆ, ನಮ್ಮ ಮನೆಗೆ ಮುನ್ನೂರು ವರ್ಷ ಎಂದು ಕಾಕಾ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾಣ್ಯದ ಪ್ರಕಾರ ಆ ಬಾಗಿಲು 1835ಕ್ಕಿಂತ ಹಿಂದಿನದಲ್ಲ. ಫೋನಿನಲ್ಲಿ ಇದನ್ನು ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸ್ತಿಲಾ ಆಮ್ಯಾಲೆ ಬದಲಿ ಮಾಡ್ಯಾರೋ, ಗ್ವಾಡಿ ಹಳೇವೇ" ಎಂದರು. ಅದೂ ಆಗಿರಬಹುದು. ಗೋಡೆ ಆಗಲೇ ಟ್ರಾಕ್ಟರಿನಲ್ಲಿ ಹೋಗಿತ್ತು.

ಹೊಸ ಮನೆಯ ಬಾಗಿಲು ಕೂಡ್ರಿಸುವ ದಿನ ಚಿಗವ್ವ ಆ ಕಾಲಾಣೆಯನ್ನು ಅರಿಶಿಣ ಕುಂಕುಮ ಹಚ್ಚಿ ಮತ್ತೆ ಹೊಸ್ತಿಲ ಕೆಳಗೇ ಇಟ್ಟಳಂತೆ. ಪಕ್ಕಕ್ಕೆ ಹೊಸ ಹತ್ತು ರೂಪಾಯಿ ನಾಣ್ಯ ಒಂದು.